ಔಷಧಕ್ಕೆ ಜಗ್ಗದ ಖಿನ್ನತೆಗೆ ಕಾಂತೀಯ ಚಿಕಿತ್ಸೆ: ಟಿಎಂಎಸ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ

ಒಂದಾದ ಮೇಲೊಂದು ಮಾತ್ರೆ ಬದಲಾಯಿಸಿದರೂ ಖಿನ್ನತೆ ಬಿಟ್ಟುಹೋಗದಿದ್ದಾಗ ‘ಟಿಎಂಎಸ್ ಮಾಡಿಸಿ ನೋಡೋಣ’ ಎಂದು ಮನೋವೈದ್ಯರು ಹೇಳುವುದು ಈಗ ಅಪರೂಪವಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ರೋಗಿಗೂ ಮನೆಯವರಿಗೂ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇದು ಶಾಕ್ ಕೊಡುವುದೇ? ತಲೆಗೆ ಏನಾದರೂ ಚುಚ್ಚುತ್ತಾರೆಯೇ? ಪ್ರಜ್ಞೆ ತಪ್ಪಿಸುತ್ತಾರೆಯೇ? ಮೂರಕ್ಕೂ ಉತ್ತರ ‘ಇಲ್ಲ’. ಕುರ್ಚಿಯಲ್ಲಿ ಎಚ್ಚರವಾಗಿ ಕುಳಿತಿರುವ ವ್ಯಕ್ತಿಯ ತಲೆಗೆ ಹೊರಗಿನಿಂದ ಒಂದು ಕಾಯಿಲ್ (ತಂತಿಯ ಸುರುಳಿ) ಒತ್ತಿ ಹಿಡಿದು, ಅದರಿಂದ ಹೊಮ್ಮುವ ಕಾಂತೀಯ ಮಿಡಿತಗಳ ಮೂಲಕ ಮಿದುಳಿನ ಒಂದು ನಿರ್ದಿಷ್ಟ ಜಾಗವನ್ನು ಚುರುಕುಗೊಳಿಸುವುದೇ ಈ ಚಿಕಿತ್ಸೆ. ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಶನ್ ಎಂಬುದು ಇದರ ಪೂರ್ತಿ ಹೆಸರು.

ಹೇಳಲು ಇಷ್ಟೇ ಆದರೂ, ಇದರ ಫಲ ಯಂತ್ರ ಎಷ್ಟು ದುಬಾರಿಯದು ಎಂಬುದರ ಮೇಲೆ ನಿಂತಿಲ್ಲ. ಕಾಯಿಲ್ ಎಲ್ಲಿ ಕೂರುತ್ತದೆ, ಎಷ್ಟು ಬಲದಲ್ಲಿ ಮಿಡಿಯುತ್ತದೆ, ಎಷ್ಟು ದಿನ ಬಿಡದೆ ನಡೆಯುತ್ತದೆ ಎಂಬ ಮೂರು ಸಂಗತಿಗಳ ಮೇಲೆ ನಿಂತಿದೆ. ಅದಕ್ಕೇ ಈ ಲೇಖನದಲ್ಲಿ ಹೆಚ್ಚು ಜಾಗ ಆ ಮೂರಕ್ಕೇ.

ಔಷಧಕ್ಕೆ ಜಗ್ಗದ ಖಿನ್ನತೆ ಅಂದರೆ ಯಾವುದು?

ವೈದ್ಯರು ಸಾಮಾನ್ಯವಾಗಿ ಹಾಕುವ ಲೆಕ್ಕ ಹೀಗೆ: ಎರಡು ಬೇರೆ ಬೇರೆ ಖಿನ್ನತೆಯ ಔಷಧಗಳನ್ನು, ಪ್ರತಿಯೊಂದನ್ನೂ ಸಾಕಷ್ಟು ಡೋಸಿನಲ್ಲಿ, ಆರರಿಂದ ಎಂಟು ವಾರದಷ್ಟು ಕಾಲ ತಪ್ಪದೆ ತೆಗೆದುಕೊಂಡ ಮೇಲೂ ಹೇಳಿಕೊಳ್ಳುವಂಥ ಚೇತರಿಕೆ ಕಾಣದಿದ್ದರೆ ಅದು ಚಿಕಿತ್ಸೆಗೆ ಜಗ್ಗದ ಖಿನ್ನತೆ. ಇಂಥವರು ಬೆರಳೆಣಿಕೆಯಷ್ಟೇನೂ ಇಲ್ಲ. ಅಮೆರಿಕದಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದು 2006ರಲ್ಲಿ ಫಲಿತಾಂಶ ಪ್ರಕಟಿಸಿದ ‘ಸ್ಟಾರ್-ಡಿ’ ಅಧ್ಯಯನದ ವರದಿಯ ಪ್ರಕಾರ, ಮೊದಲ ಔಷಧದಿಂದ ಲಕ್ಷಣಗಳು ಪೂರ್ತಿ ಇಳಿದದ್ದು ಸುಮಾರು ಮೂರನೇ ಒಂದು ಭಾಗದ ಜನರಲ್ಲಿ. ಎರಡನೇ ಹಂತದಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೂರನೇ ಮತ್ತು ನಾಲ್ಕನೇ ಹಂತಕ್ಕೆ ಬರುವಷ್ಟರಲ್ಲಿ ಆ ಪ್ರಮಾಣ ಶೇ 13–14ಕ್ಕೆ ಕುಸಿದಿತ್ತು. ಮಾತ್ರೆ ಬದಲಾಯಿಸುತ್ತಲೇ ಹೋಗುವುದರಿಂದ ಸಿಗುವ ಲಾಭ ಎರಡನೇ ಪ್ರಯತ್ನದ ನಂತರ ಬೇಗ ಕರಗುತ್ತದೆ ಎಂಬುದು ಇದರ ತಾತ್ಪರ್ಯ. ಟಿಎಂಎಸ್‌ನಂಥ ದಾರಿ ಬೇಕಾದದ್ದು ಇಲ್ಲಿಯೇ.

ಆದರೆ ‘ಔಷಧ ಕೆಲಸ ಮಾಡಲಿಲ್ಲ’ ಎಂಬ ಮಾತನ್ನು ಹಾಗೆಯೇ ಒಪ್ಪಿಕೊಳ್ಳಬಾರದು. ಎಷ್ಟೋ ಸಲ ಮಾತ್ರೆಯನ್ನು ಆರಂಭದ ಸಣ್ಣ ಡೋಸಿನಲ್ಲೇ ನಿಲ್ಲಿಸಿರುತ್ತಾರೆ. ಮೂರನೇ ವಾರಕ್ಕೆ ‘ಏನೂ ಆಗುತ್ತಿಲ್ಲ’ ಎಂದು ಬಿಟ್ಟಿರುತ್ತಾರೆ. ಥೈರಾಯ್ಡ್ ಕೊರತೆ, ರಕ್ತಹೀನತೆ, ನಿದ್ರೆಯಲ್ಲಿ ಉಸಿರು ನಿಂತು ನಿಂತು ಹೋಗುವ ಸ್ಲೀಪ್ ಆಪ್ನಿಯಾ, ದಿನವೂ ಕುಡಿಯುವ ಅಭ್ಯಾಸ, ಇವೆಲ್ಲ ಖಿನ್ನತೆಯನ್ನು ಹಿಡಿದಿಟ್ಟಿರಬಹುದು. ಖಿನ್ನತೆಯೂ ಉನ್ಮಾದವೂ ಬಂದು ಹೋಗುವ ಬೈಪೋಲಾರ್ ಕಾಯಿಲೆಯ ಖಿನ್ನತೆಯ ಘಟ್ಟವನ್ನು ಬರೀ ಖಿನ್ನತೆ ಎಂದು ತಿಳಿದು ವರ್ಷಗಟ್ಟಲೆ ಚಿಕಿತ್ಸೆ ನಡೆದಿರಬಹುದು. ಟಿಎಂಎಸ್ ಆರಂಭಿಸುವ ಮುನ್ನ ಹಳೆಯ ಚೀಟಿಗಳನ್ನೆಲ್ಲ ಜೋಡಿಸಿ, ಯಾವ ಔಷಧ, ಎಷ್ಟು ಮಿಲಿಗ್ರಾಂ, ಎಷ್ಟು ವಾರ, ಏಕೆ ನಿಂತಿತು ಎಂದು ಒಂದು ಪಟ್ಟಿ ಮಾಡಿಕೊಂಡು ಹೋದರೆ ಮೊದಲ ಭೇಟಿಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಮೂಳೆ ದಾಟಿ ಮಿದುಳಿಗೆ ಕರೆಂಟು ತಲುಪುವುದು ಹೇಗೆ?

ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವುದು ವಿದ್ಯುತ್ತಿನ ಮೂಲಕ. ಹಾಗಾಗಿ ಹೊರಗಿನಿಂದ ಸಣ್ಣ ವಿದ್ಯುತ್ ಕೊಟ್ಟರೆ ಅವನ್ನು ಕೆಣಕಬಹುದು. ತೊಡಕು ಎಂದರೆ ತಲೆಬುರುಡೆ. ಮೂಳೆಯು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ತಲೆಯ ಚರ್ಮಕ್ಕೆ ನೇರವಾಗಿ ಕರೆಂಟು ಕೊಟ್ಟರೆ ಅದರ ಬಹುಪಾಲು ಚರ್ಮದಲ್ಲೇ ಹರಿದುಹೋಗುತ್ತದೆ, ನೋವೂ ಆಗುತ್ತದೆ. ಆದರೆ ಕಾಂತಕ್ಷೇತ್ರಕ್ಕೆ ಮೂಳೆ ಅಡ್ಡಿಯೇ ಅಲ್ಲ.

ಬದಲಾಗುತ್ತಿರುವ ಕಾಂತಕ್ಷೇತ್ರದ ಬಳಿ ವಿದ್ಯುತ್ ಹರಿಸಬಲ್ಲ ವಸ್ತು ಇದ್ದರೆ ಅದರೊಳಗೆ ಕರೆಂಟು ತಾನಾಗಿ ಹುಟ್ಟುತ್ತದೆ ಎಂದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟರು. ಇಂಡಕ್ಷನ್ ಒಲೆ ನಡೆಯುವುದು ಇದೇ ನಿಯಮದ ಮೇಲೆ: ಒಲೆಯೊಳಗಿನ ಕಾಯಿಲ್‌ನಲ್ಲಿ ಕರೆಂಟು ಏರಿಳಿಯುತ್ತದೆ, ನಡುವಿನ ಗಾಜಿನಲ್ಲಿ ಕರೆಂಟು ಹುಟ್ಟುವುದಿಲ್ಲ, ಮೇಲಿಟ್ಟ ಪಾತ್ರೆಯ ತಳದಲ್ಲಿ ಹುಟ್ಟುತ್ತದೆ. ಟಿಎಂಎಸ್‌ನಲ್ಲಿ ಗಾಜಿನ ಜಾಗದಲ್ಲಿ ತಲೆಬುರುಡೆ, ಪಾತ್ರೆಯ ಜಾಗದಲ್ಲಿ ಮಿದುಳಿನ ಹೊರಪದರ. ಒಂದು ವ್ಯತ್ಯಾಸ ನೆನಪಿರಲಿ: ಇಲ್ಲಿ ಮಿದುಳು ಬಿಸಿಯಾಗುವುದಿಲ್ಲ. ಪ್ರತಿ ಮಿಡಿತವೂ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು ಇರುವುದರಿಂದ ನರಕೋಶವನ್ನು ಎಬ್ಬಿಸಲು ಸಾಕಾಗುತ್ತದೆ, ಬಿಸಿ ಮಾಡಲು ಸಾಲದು. ಬಿಸಿಯಾಗುವುದು ಕಾಯಿಲ್. ಅದಕ್ಕೇ ಹಲವು ಯಂತ್ರಗಳಲ್ಲಿ ಅದನ್ನು ತಣ್ಣಗಿಡಲು ಗಾಳಿಯ ಅಥವಾ ದ್ರವದ ವ್ಯವಸ್ಥೆ ಇರುತ್ತದೆ.

ಯಂತ್ರದ ಮುಖ್ಯ ಭಾಗಗಳು ಎರಡು. ಒಂದು, ವಿದ್ಯುತ್ತನ್ನು ಕೂಡಿಟ್ಟು ಒಮ್ಮೆಲೇ ಬಿಡುವ ಕಪಾಸಿಟರ್. ಇನ್ನೊಂದು, ಪ್ಲಾಸ್ಟಿಕ್ ಹೊದಿಕೆಯೊಳಗಿನ ತಾಮ್ರದ ಕಾಯಿಲ್. ಕಪಾಸಿಟರ್ ಬಿಟ್ಟಾಗ ಕಾಯಿಲ್‌ನಲ್ಲಿ ಕ್ಷಣಮಾತ್ರ ಸಾವಿರಾರು ಆಂಪಿಯರ್ ಹರಿಯುತ್ತದೆ. ಹುಟ್ಟುವ ಕಾಂತಕ್ಷೇತ್ರ ಸುಮಾರು 1.5ರಿಂದ 2 ಟೆಸ್ಲಾ, ಅಂದರೆ ಎಂಆರ್‌ಐ ಯಂತ್ರದಷ್ಟೇ ಬಲದ್ದು. ಆದರೆ ಎಂಆರ್‌ಐನಲ್ಲಿ ಇಡೀ ದೇಹವನ್ನು ಸುತ್ತುವರಿದು ಸದಾ ಇರುವ ಕ್ಷೇತ್ರ ಇಲ್ಲಿ ಅಂಗೈಯಗಲದ ಜಾಗದಲ್ಲಿ ಮಿಂಚಿ ಮಾಯವಾಗುತ್ತದೆ.

ಬ್ರಿಟನ್ನಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಅವರ ಸಂಗಡಿಗರು 1985ರಲ್ಲಿ ಮೊದಲ ಬಾರಿಗೆ ಈ ವಿಧಾನದಿಂದ ಮನುಷ್ಯನ ಮಿದುಳನ್ನು ನೋವಿಲ್ಲದೆ ಹೊರಗಿನಿಂದಲೇ ಪ್ರಚೋದಿಸಿ ತೋರಿಸಿದರು. ಆಗಿನ ಕಾಯಿಲ್‌ಗಳು ದುಂಡಗಿದ್ದವು, ಅವುಗಳ ಕ್ಷೇತ್ರ ಅಗಲವಾಗಿ ಹರಡುತ್ತಿತ್ತು. ಎರಡು ಬಳೆಗಳನ್ನು ಪಕ್ಕಪಕ್ಕ ಇಟ್ಟಂತಿರುವ ಎಂಟರ ಆಕಾರದ ಕಾಯಿಲ್ 1988ರಲ್ಲಿ ಜಪಾನಿನಿಂದ ಬಂತು. ಎರಡೂ ವೃತ್ತಗಳ ಕ್ಷೇತ್ರ ನಡುವಿನಲ್ಲಿ ಕೂಡುವುದರಿಂದ ಅಲ್ಲಿ ಬಲ ಹೆಚ್ಚು, ಗುರಿಯೂ ಕಿರಿದು. ಇಂದಿಗೂ ಬಹುಪಾಲು ಚಿಕಿತ್ಸೆ ನಡೆಯುವುದು ಇದರಲ್ಲೇ. ಇದು ತಲುಪುವ ಆಳ ನೆತ್ತಿಯ ಚರ್ಮದಿಂದ ಸುಮಾರು 2ರಿಂದ 3 ಸೆಂಟಿಮೀಟರ್. ಹೆಲ್ಮೆಟ್ಟಿನೊಳಗೆ ಕೂರುವ ಎಚ್-ಕಾಯಿಲ್ ಸ್ವಲ್ಪ ಹೆಚ್ಚು ಆಳಕ್ಕೂ ಅಗಲಕ್ಕೂ ಹೋಗುತ್ತದೆ, ಅದರ ಬದಲಿಗೆ ಗುರಿಯ ನಿಖರತೆ ಕಡಿಮೆಯಾಗುತ್ತದೆ.

ಎಡ ಹಣೆಯ ಭಾಗವೇ ಏಕೆ?

ಖಿನ್ನತೆಯಲ್ಲಿ ಮಿದುಳಿನ ಒಂದೇ ಜಾಗ ಕೆಟ್ಟಿರುವುದಿಲ್ಲ, ಹಲವು ಜಾಗಗಳ ನಡುವಿನ ಹೊಂದಾಣಿಕೆ ಕೆಟ್ಟಿರುತ್ತದೆ. ಗಮನ, ಯೋಜನೆ, ಭಾವನೆಗಳ ಮೇಲಿನ ಹಿಡಿತ ಇವನ್ನು ನೋಡಿಕೊಳ್ಳುವ ಒಂದು ಭಾಗ ಹಣೆಯ ಮೇಲ್ಬದಿಯಲ್ಲಿ, ಪಕ್ಕಕ್ಕೆ ಸರಿದಂತೆ ಇದೆ. ಅದರ ಹೆಸರು ಡಾರ್ಸೋಲ್ಯಾಟರಲ್ ಪ್ರಿಫ್ರಂಟಲ್ ಕಾರ್ಟೆಕ್ಸ್. ಚುಟುಕಾಗಿ ಡಿಎಲ್‌ಪಿಎಫ್‌ಸಿ. ಖಿನ್ನತೆಯಲ್ಲಿ ಎಡಗಡೆಯ ಈ ಭಾಗ ಮಂದವಾಗಿರುವುದನ್ನು ಹಲವು ಚಿತ್ರಣ ಅಧ್ಯಯನಗಳು ಕಂಡಿವೆ. ದುಃಖದ ಭಾವಕ್ಕೆ ಸಂಬಂಧಿಸಿದ ಸಬ್‌ಜೀನಿಯಲ್ ಸಿಂಗ್ಯುಲೇಟ್ ಎಂಬ ಜಾಗ ಮಿದುಳಿನ ಆಳದಲ್ಲಿದೆ, ಖಿನ್ನತೆಯಲ್ಲಿ ಅದು ಅತಿಯಾಗಿ ಚುರುಕಾಗಿರುತ್ತದೆ. ಕಾಯಿಲ್‌ನ ಕ್ಷೇತ್ರ ಅಷ್ಟು ಆಳಕ್ಕೆ ಮುಟ್ಟುವುದಿಲ್ಲ. ಆದರೆ ಎರಡೂ ಜಾಗಗಳು ಒಂದೇ ಜಾಲದಲ್ಲಿವೆ. ಮೇಲಿನದನ್ನು ದಿನವೂ ಪ್ರಚೋದಿಸಿದರೆ ಅದರ ಪರಿಣಾಮ ಜಾಲದುದ್ದಕ್ಕೂ ಸಾಗಿ ಆಳದವರೆಗೂ ತಲುಪುತ್ತದೆ ಎಂಬುದು ಈಗಿನ ತಿಳಿವಳಿಕೆ.

ಮಿಡಿತದ ವೇಗಕ್ಕೂ ಇಲ್ಲಿ ಅರ್ಥವಿದೆ. ಸೆಕೆಂಡಿಗೆ 10 ಮಿಡಿತದಂಥ ವೇಗದ ಪ್ರಚೋದನೆ ಸಾಮಾನ್ಯವಾಗಿ ಆ ಜಾಗವನ್ನು ಚುರುಕುಗೊಳಿಸುತ್ತದೆ, ಸೆಕೆಂಡಿಗೆ 1ರಂತೆ ನಿಧಾನದ್ದು ತಣಿಸುತ್ತದೆ. ಹಾಗಾಗಿ ಎಡಗಡೆಗೆ ವೇಗದ್ದು, ಬಲಗಡೆಗೆ ನಿಧಾನದ್ದು ಎಂಬ ಎರಡು ರೂಢಿಗಳಿವೆ. ಒಂದೆರಡು ಮಿಡಿತದಿಂದ ಏನೂ ಆಗದು. ನರಕೋಶಗಳ ನಡುವಿನ ಸಂಪರ್ಕದ ಬಲವೇ ಬದಲಾಗಬೇಕು. ಅದು ಮತ್ತೆ ಮತ್ತೆ, ಸಾವಿರಾರು ಬಾರಿ ಪ್ರಚೋದಿಸಿದಾಗ ಮಾತ್ರ ನೆಲೆಯಾಗುತ್ತದೆ.

ಮೊದಲ ದಿನ: ಹೆಬ್ಬೆರಳು ಹೇಳುವ ಡೋಸು

ಮಾತ್ರೆಯ ಡೋಸನ್ನು ಮಿಲಿಗ್ರಾಂನಲ್ಲಿ ಅಳೆಯುತ್ತೇವೆ. ಟಿಎಂಎಸ್‌ನ ಬಲವನ್ನು ಅಳೆಯುವುದು ಹೇಗೆ? ಒಬ್ಬರ ಬುರುಡೆ ದಪ್ಪ, ಇನ್ನೊಬ್ಬರದು ತೆಳು. ಒಬ್ಬರ ನರಕೋಶ ಬೇಗ ಸ್ಪಂದಿಸುತ್ತದೆ, ಇನ್ನೊಬ್ಬರದು ತಡವಾಗಿ. ಎಲ್ಲರಿಗೂ ಒಂದೇ ಬಲ ಕೊಟ್ಟರೆ ಕೆಲವರಿಗೆ ಅದು ಸಾಲದು, ಕೆಲವರಿಗೆ ಅಪಾಯ. ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು: ರೋಗಿಯ ಹೆಬ್ಬೆರಳನ್ನೇ ಮೀಟರಾಗಿ ಬಳಸುವುದು.

ಕೈಬೆರಳುಗಳನ್ನು ಆಡಿಸುವ ಮಿದುಳಿನ ಭಾಗ ನೆತ್ತಿಗೂ ಕಿವಿಗೂ ನಡುವೆ ಇದೆ. ಎಡ ಮಿದುಳು ಬಲಗೈಯನ್ನು ಆಡಿಸುತ್ತದೆ. ರೋಗಿಯು ಬಲಗೈಯನ್ನು ಸಡಿಲವಾಗಿ, ಅಂಗೈ ಮೇಲೆ ಮಾಡಿ ದಿಂಬಿನ ಮೇಲಿಡುತ್ತಾರೆ. ಕಾಯಿಲ್‌ನ ಹಿಡಿಯನ್ನು ಹಿಂದಕ್ಕೂ ಹೊರಕ್ಕೂ ವಾಲಿಸಿ, ತಲೆಯ ನಡುಗೆರೆಗೆ ಸುಮಾರು 45 ಡಿಗ್ರಿ ಕೋನದಲ್ಲಿ ಇಟ್ಟು ಒಂದೊಂದೇ ಮಿಡಿತ ಕೊಡುತ್ತಾ ಅರ್ಧ ಅರ್ಧ ಸೆಂಟಿಮೀಟರ್ ಸರಿಸುತ್ತಾರೆ. ಒಂದು ಜಾಗದಲ್ಲಿ ಹೆಬ್ಬೆರಳು ತಟಕ್ಕನೆ ಒಳಗೆಳೆಯುತ್ತದೆ, ರೋಗಿ ಆಡಿಸದಿದ್ದರೂ. ಅತಿ ಸ್ಪಷ್ಟವಾಗಿ ಎಳೆದ ಜಾಗ ಸಿಕ್ಕ ಮೇಲೆ ಬಲವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಬರುತ್ತಾರೆ. ಹತ್ತು ಮಿಡಿತಗಳಲ್ಲಿ ಐದಕ್ಕಾದರೂ ಬೆರಳು ಆಡುವಂಥ ಕನಿಷ್ಠ ಬಲ ಯಾವುದೋ ಅದೇ ಆ ವ್ಯಕ್ತಿಯ ಮೋಟಾರ್ ಥ್ರೆಶೋಲ್ಡ್. ಬೆರಳನ್ನು ಕಣ್ಣಿನಿಂದ ನೋಡಿ ಲೆಕ್ಕ ಹಾಕುವವರಿದ್ದಾರೆ. ಸ್ನಾಯುವಿನ ಮೇಲೆ ಪುಟ್ಟ ಅಂಟುಪಟ್ಟಿ ಹಾಕಿ ವಿದ್ಯುತ್ ಸಂಕೇತವನ್ನೇ ದಾಖಲಿಸುವವರೂ ಇದ್ದಾರೆ.

ಚಿಕಿತ್ಸೆಯ ಬಲವನ್ನು ಈ ಸಂಖ್ಯೆಯ ಶೇಕಡಾವಾರಿನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಅದು ಶೇ 120. ಯಂತ್ರದ ಗರಿಷ್ಠ ಬಲದ ಶೇ 50ರಲ್ಲಿ ಬೆರಳು ಆಡಿದರೆ, ಚಿಕಿತ್ಸೆ ನಡೆಯುವುದು ಶೇ 60ರಲ್ಲಿ. 100 ಬಿಟ್ಟು 120 ಏಕೆಂದರೆ, ಕಾಯಿಲ್‌ನಿಂದ ದೂರ ಸರಿದಂತೆ ಕ್ಷೇತ್ರದ ಬಲ ತೀರಾ ಬೇಗ ಕುಗ್ಗುತ್ತದೆ. ವಯಸ್ಸಾದವರಲ್ಲಿ ಮಿದುಳಿನ ಮುಂಭಾಗ ಸ್ವಲ್ಪ ಕುಗ್ಗಿ ಬುರುಡೆಯಿಂದ ದೂರವಾಗಿರುವುದುಂಟು. ಆ ಅಂತರವನ್ನು ತುಂಬಲು ಈ ಹೆಚ್ಚಿನ ಬಲ.

ಈ ಅಳತೆಯನ್ನು ಒಮ್ಮೆ ಮಾಡಿ ಬಿಟ್ಟರೆ ಸಾಲದು. ನಿದ್ದೆಗೆಟ್ಟರೆ, ಔಷಧ ಬದಲಾದರೆ, ಕುಡಿತ ನಿಲ್ಲಿಸಿದರೆ ಥ್ರೆಶೋಲ್ಡ್ ಬದಲಾಗುತ್ತದೆ. ವಾರಕ್ಕೊಮ್ಮೆಯಾದರೂ, ಔಷಧ ಬದಲಾದಾಗ ತಪ್ಪದೆ, ಮತ್ತೆ ಅಳೆಯುವುದು ಒಳ್ಳೆಯ ಪದ್ಧತಿ. ಅಳೆಯದಿದ್ದರೆ ಕೇಳಿ ಅಳೆಯಿಸಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ.

ಜಾಗ ಹುಡುಕುವ ಮೂರು ದಾರಿ

ಹಳೆಯ ದಾರಿ ಟೇಪಿನದು. ಹೆಬ್ಬೆರಳು ಆಡಿದ ಜಾಗದಿಂದ ನೇರ ಮುಂದಕ್ಕೆ 5 ಅಥವಾ 5.5 ಸೆಂಟಿಮೀಟರ್ ಅಳೆದು ಗುರುತು ಹಾಕುವುದು. ಸುಲಭ, ಆದರೆ ತಲೆಯ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೊಡ್ಡ ತಲೆಯವರಲ್ಲಿ ಗುರಿ ಹಿಂದೆ ಬಿದ್ದು, ಚಲನೆಗೆ ಸಂಬಂಧಿಸಿದ ಭಾಗಕ್ಕೇ ಮಿಡಿತ ಹೋಗುವ ಸಾಧ್ಯತೆ ಇದೆ.

ಎರಡನೆಯದು ಬೀಮ್ ಎಫ್3 ವಿಧಾನ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಎಲೆಕ್ಟ್ರೋಡ್ ಹಚ್ಚುವ ಎಫ್3 ಎಂಬ ಜಾಗ ಎಡ ಡಿಎಲ್‌ಪಿಎಫ್‌ಸಿಯ ಮೇಲೆ ಕೂರುತ್ತದೆ. ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ತಲೆಯ ಸುತ್ತಳತೆ, ಹೀಗೆ ಮೂರು ಅಳತೆ ತೆಗೆದುಕೊಂಡು ಲೆಕ್ಕ ಹಾಕಿದರೆ ಆ ಜಾಗ ಸಿಗುತ್ತದೆ. ಒಂದು ಟೇಪು ಮತ್ತು ಎಚ್ಚರದ ಕೈ ಇದ್ದರೆ ಸಾಕು.

ಮೂರನೆಯದು ನ್ಯೂರೋನ್ಯಾವಿಗೇಶನ್. ರೋಗಿಯ ಎಂಆರ್‌ಐ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಾಕಿ, ಕ್ಯಾಮೆರಾ ಮೂಲಕ ಕಾಯಿಲ್ ಮತ್ತು ತಲೆಯ ಸ್ಥಾನವನ್ನು ಹಿಂಬಾಲಿಸುತ್ತಾ ಗುರಿ ಇಡುವುದು. ಇದರ ನಿಜವಾದ ಲಾಭ ಪ್ರತಿದಿನವೂ ಅದೇ ಜಾಗಕ್ಕೆ ಮರಳುವುದು. ಪ್ರತಿ ರೋಗಿಯ ಮಿದುಳಿನ ಜಾಲವನ್ನು ನೋಡಿ ಗುರಿ ಆರಿಸಿದರೆ ಫಲ ಇನ್ನೂ ಹೆಚ್ಚಾಗುತ್ತದೆಂಬ ನಿರೀಕ್ಷೆ ಇತ್ತು. ಬ್ರಿಟನ್ನಿನಲ್ಲಿ 255 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ‘ಬ್ರೈಟ್‌ಮೈಂಡ್’ ಪ್ರಯೋಗದಲ್ಲಿ ಹಾಗೆ ಆರಿಸಿದ ಗುಂಪಿಗೂ ಸಾಮಾನ್ಯ ಎಂಆರ್‌ಐ ನೋಡಿ ಗುರಿಯಿಟ್ಟ ಗುಂಪಿಗೂ 26 ವಾರಗಳ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪುಗಳು ಚೇತರಿಸಿಕೊಂಡವು. ಆದ್ದರಿಂದ ನ್ಯಾವಿಗೇಶನ್ ಇಲ್ಲ ಎಂಬ ಒಂದೇ ಕಾರಣಕ್ಕೆ ಒಂದು ಕೇಂದ್ರವನ್ನು ತಳ್ಳಿಹಾಕಬೇಕಿಲ್ಲ. ಜಾಗವನ್ನು ಅಳೆಯದೆ ಕಣ್ಣಂದಾಜಿನಲ್ಲಿ ಕಾಯಿಲ್ ಇಡುತ್ತಿದ್ದರೆ ಮಾತ್ರ ಅಲ್ಲಿ ನಿಲ್ಲಬೇಡಿ.

ದಿನಕ್ಕೆಷ್ಟು, ಎಷ್ಟು ವಾರ?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಖಿನ್ನತೆಗೆ ಮೊದಲು ಅನುಮತಿ ಕೊಟ್ಟ ಪದ್ಧತಿ ಹೀಗಿದೆ. ಸೆಕೆಂಡಿಗೆ 10 ಮಿಡಿತದಂತೆ 4 ಸೆಕೆಂಡು, ಅಂದರೆ 40 ಮಿಡಿತ. ಆಮೇಲೆ 26 ಸೆಕೆಂಡು ಬಿಡುವು. ಇದೇ ರೀತಿ 75 ಸಲ. ಒಟ್ಟು 3,000 ಮಿಡಿತ, 37.5 ನಿಮಿಷ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಹೀಗೆ 20ರಿಂದ 30 ಸೆಷನ್. ಕೊನೆಯಲ್ಲಿ ಒಮ್ಮೆಲೇ ನಿಲ್ಲಿಸದೆ ಮೂರು ವಾರಗಳಲ್ಲಿ ಮೂರು, ಎರಡು, ಒಂದು ಎಂದು ಇಳಿಸಿದರೆ ಒಟ್ಟು 36. ಬಿಡುವನ್ನು 11 ಸೆಕೆಂಡಿಗೆ ಇಳಿಸಿದರೆ ಅದೇ 3,000 ಮಿಡಿತ ಸುಮಾರು 19 ನಿಮಿಷದಲ್ಲಿ ಮುಗಿಯುತ್ತದೆ.

ಇದಕ್ಕಿಂತ ಚಿಕ್ಕದು ಥೀಟಾ ಬರ್ಸ್ಟ್. ಮಿದುಳಿನಲ್ಲಿ ಸಹಜವಾಗಿ ಕಾಣುವ ಒಂದು ಲಯವನ್ನು ಇದು ಅನುಸರಿಸುತ್ತದೆ. ಮೂರು ಮಿಡಿತಗಳ ಒಂದು ಗೊಂಚಲು, ಅಂಥ ಗೊಂಚಲು ಸೆಕೆಂಡಿಗೆ ಐದು. 2 ಸೆಕೆಂಡು ಪ್ರಚೋದನೆ, 8 ಸೆಕೆಂಡು ಬಿಡುವು. ಹೀಗೆ 20 ಸಲ, ಒಟ್ಟು 600 ಮಿಡಿತ. ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿದೇ ಹೋಯಿತು. ‘ಮೂರು ನಿಮಿಷದಲ್ಲಿ ಏನಾದೀತು’ ಎಂಬ ಅನುಮಾನ ಸಹಜ. ಕೆನಡಾದಲ್ಲಿ 414 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಥ್ರೀ-ಡಿ’ ಪ್ರಯೋಗ ಈ ಎರಡನ್ನೂ ಹೋಲಿಸಿತು. ಲಕ್ಷಣಗಳು ಅರ್ಧಕ್ಕರ್ಧ ಇಳಿದವರು ಥೀಟಾ ಬರ್ಸ್ಟ್ ಗುಂಪಿನಲ್ಲಿ ಶೇ 49, ಹಳೆಯ ಪದ್ಧತಿಯಲ್ಲಿ ಶೇ 47. ಪೂರ್ತಿ ಇಳಿದವರು ಶೇ 32 ಮತ್ತು ಶೇ 27. ಚಿಕ್ಕದೆಂದು ಕೀಳಲ್ಲ ಎಂಬುದು ಖಚಿತವಾಯಿತು. ಒಂದೇ ಯಂತ್ರದಲ್ಲಿ ದಿನಕ್ಕೆ ಹಲವು ಪಟ್ಟು ಜನರಿಗೆ ಚಿಕಿತ್ಸೆ ಕೊಡುವ ದಾರಿಯೂ ತೆರೆಯಿತು. ರೋಗಿಗಳ ದೃಷ್ಟಿಯಿಂದ ಈ ಕ್ಷೇತ್ರದಲ್ಲಿ ಆದ ದೊಡ್ಡ ಉಪಕಾರ ಇದೇ ಎನ್ನಬೇಕು.

ಇನ್ನೂ ತೀವ್ರವಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2022ರಲ್ಲಿ ಎಫ್‌ಡಿಎ ಅನುಮತಿ ಪಡೆದ ‘ಸೇಂಟ್’ ಪದ್ಧತಿ. ಸೆಷನ್ನಿಗೆ 1,800 ಮಿಡಿತ, ನಡುವೆ 50 ನಿಮಿಷ ಬಿಡುವು ಕೊಟ್ಟು ದಿನಕ್ಕೆ 10 ಸೆಷನ್, ಐದು ದಿನ. ಒಟ್ಟು 90,000 ಮಿಡಿತ. ನಕಲಿ ಚಿಕಿತ್ಸೆಯ ಜೊತೆ ಹೋಲಿಸಿದ ಪ್ರಯೋಗದಲ್ಲಿ ಫಲ ಎದ್ದು ಕಾಣುವಂತಿತ್ತು, ಆದರೆ ಅದರಲ್ಲಿದ್ದವರು 29 ಜನ ಮಾತ್ರ. ಇಷ್ಟು ಸಣ್ಣ ಗುಂಪಿನ ಅಂಕಿಗಳನ್ನು ಎಲ್ಲರಿಗೂ ಅನ್ವಯಿಸುವುದು ಆತುರವಾಗುತ್ತದೆ. ‘ಐದೇ ದಿನದಲ್ಲಿ ಗುಣ’ ಎಂಬ ಜಾಹೀರಾತು ಕಂಡರೆ ಅಲ್ಲಿ ನಡೆಯುವುದು ನಿಜವಾಗಿ ಇದೇ ಪದ್ಧತಿಯೋ, ದಿನಕ್ಕೆ ಎರಡು ಮೂರು ಸೆಷನ್ ಮಾತ್ರವೋ ಎಂದು ವಿಚಾರಿಸಿ.

ಕುರ್ಚಿಯಲ್ಲಿ ಏನಾಗುತ್ತದೆ, ಫಲ ಯಾವಾಗ ಕಾಣುತ್ತದೆ?

ಫೋನು, ಬ್ಯಾಂಕ್ ಕಾರ್ಡು, ಕಿವಿಯೋಲೆ, ಹೇರ್‌ಪಿನ್ನು, ಶ್ರವಣಯಂತ್ರ ಎಲ್ಲವನ್ನೂ ತೆಗೆದಿಡಬೇಕು. ಕಿವಿಗೆ ಇಯರ್‌ಪ್ಲಗ್ ಕಡ್ಡಾಯ. ಪ್ರತಿ ಮಿಡಿತಕ್ಕೂ ಕಾಯಿಲ್ ಒಳಗೇ ಅದುರಿ ಟಕ್ಕೆಂದು ಸದ್ದು ಮಾಡುತ್ತದೆ, ಕಿವಿಯ ಹತ್ತಿರದಲ್ಲಿ ಆ ಸದ್ದು ಸಣ್ಣದಲ್ಲ. ನೆತ್ತಿಯ ಮೇಲೆ ಬೆರಳಿನಿಂದ ಕುಟ್ಟಿದ ಅನುಭವವಾಗುತ್ತದೆ. ಹಣೆ, ಹುಬ್ಬು, ಕೆಲವೊಮ್ಮೆ ದವಡೆ ಅದುರುತ್ತದೆ. ಮೊದಲ ದಿನ ಶೇ 120ಕ್ಕೆ ನೇರ ಹೋಗದೆ ಕಡಿಮೆ ಬಲದಿಂದ ಆರಂಭಿಸಿ ಮೂರ್ನಾಲ್ಕು ದಿನಗಳಲ್ಲಿ ಏರಿಸಿದರೆ ಬಹುಪಾಲು ಜನ ಹೊಂದಿಕೊಳ್ಳುತ್ತಾರೆ. ಮುಗಿದ ಕೂಡಲೇ ಎದ್ದು ಕೆಲಸಕ್ಕೆ ಹೋಗಬಹುದು, ಗಾಡಿ ಓಡಿಸಬಹುದು. ನೆನಪಿನ ಶಕ್ತಿಗೆ ಧಕ್ಕೆಯಾಗುವುದಿಲ್ಲ.

ಮೊದಲ ವಾರದಲ್ಲಿ ಏನೂ ಅನಿಸದಿರುವುದೇ ಹೆಚ್ಚು. ಎರಡನೇ, ಮೂರನೇ ವಾರದ ಹೊತ್ತಿಗೆ ಬದಲಾವಣೆ ಆರಂಭವಾಗುತ್ತದೆ, ಅದನ್ನು ರೋಗಿಗಿಂತ ಮೊದಲು ಮನೆಯವರು ಗುರುತಿಸುವುದುಂಟು: ಬೆಳಿಗ್ಗೆ ಹಾಸಿಗೆ ಬಿಡುವುದು ಸುಲಭವಾಗಿದೆ, ಕೇಳಿದ್ದಕ್ಕೆ ಎರಡು ಮಾತು ಹೆಚ್ಚು ಬರುತ್ತಿದೆ, ಸ್ನಾನಕ್ಕೆ ಹೇಳಿಸಿಕೊಳ್ಳುತ್ತಿಲ್ಲ. ಕೆಲವರಿಗೆ ನಾಲ್ಕನೇ ವಾರ ದಾಟಿದ ಮೇಲೆ ಚೇತರಿಕೆ ಬರುತ್ತದೆ. ಹತ್ತು ಸೆಷನ್ನಿಗೆ ಏನೂ ಆಗಲಿಲ್ಲವೆಂದು ನಿಲ್ಲಿಸುವುದು ಚಿಕಿತ್ಸೆ ಸೋಲುವ ಸಾಮಾನ್ಯ ಕಾರಣಗಳಲ್ಲಿ ಒಂದು. ‘ಸ್ವಲ್ಪ ಪರವಾಗಿಲ್ಲ’ ಎಂಬ ಮಾತನ್ನು ನೆಚ್ಚದೆ ವಾರವಾರವೂ ಪ್ರಶ್ನಾವಳಿಯಲ್ಲಿ ಅಂಕ ಹಾಕಬೇಕು. ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅಂಕ 0ರಿಂದ 27ರವರೆಗೆ. ಅರ್ಧಕ್ಕರ್ಧ ಇಳಿದರೆ ಸ್ಪಂದನೆ, 5ಕ್ಕಿಂತ ಕೆಳಗಿಳಿದರೆ ಲಕ್ಷಣಗಳು ಬಹುತೇಕ ಹೋದಂತೆ.

ಒಟ್ಟು ಎಷ್ಟು ಜನರಿಗೆ ಫಲ? ಅಮೆರಿಕದ ಸಾಮಾನ್ಯ ಚಿಕಿತ್ಸಾ ಕೇಂದ್ರಗಳಲ್ಲಿ 307 ರೋಗಿಗಳನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟವಾದ ವರದಿಯಲ್ಲಿ, ವೈದ್ಯರ ಅಂದಾಜಿನಂತೆ ಸ್ಪಂದಿಸಿದವರು ಶೇ 58, ಲಕ್ಷಣ ಪೂರ್ತಿ ಇಳಿದವರು ಶೇ 37. ನಕಲಿ ಕಾಯಿಲ್ ಇಟ್ಟು ಹೋಲಿಸಿದ ಕಟ್ಟುನಿಟ್ಟಿನ ಪ್ರಯೋಗಗಳಲ್ಲಿ ಅಂಕಿ ಇದಕ್ಕಿಂತ ಕಡಿಮೆ: 190 ರೋಗಿಗಳಿದ್ದ 2010ರ ಪ್ರಯೋಗದಲ್ಲಿ ಲಕ್ಷಣ ಪೂರ್ತಿ ಇಳಿದವರು ನಿಜ ಚಿಕಿತ್ಸೆಯಲ್ಲಿ ಸುಮಾರು ಶೇ 14, ನಕಲಿಯಲ್ಲಿ ಶೇ 5. ಅಲ್ಲಿ ಯಾರೂ ಖಿನ್ನತೆಯ ಔಷಧ ತೆಗೆದುಕೊಳ್ಳುತ್ತಿರಲಿಲ್ಲ, ಚಿಕಿತ್ಸೆಯ ಮೊದಲ ಘಟ್ಟವೂ ಮೂರೇ ವಾರದ್ದಾಗಿತ್ತು. ದಿನನಿತ್ಯದ ಚಿಕಿತ್ಸೆಯಲ್ಲಿ ಔಷಧ ಜೊತೆಗಿರುತ್ತದೆ, ಅವಧಿಯೂ ಉದ್ದ. ಎರಡು ಔಷಧ ಸೋತವರಲ್ಲಿ ಟಿಎಂಎಸ್ ಸೇರಿಸುವುದು ಇನ್ನೊಂದು ಔಷಧಕ್ಕೆ ಬದಲಾಯಿಸುವುದಕ್ಕಿಂತ ಮೇಲು ಎಂದು 2024ರಲ್ಲಿ ಪ್ರಕಟವಾದ ‘ಅಸರ್ಟೇನ್’ ಪ್ರಯೋಗ ಕಂಡುಕೊಂಡಿತು.

ಯಾರಿಗೆ ಬೇಡ, ಎಲ್ಲಿ ಕೆಡುತ್ತದೆ?

ಮೊದಲ ಪ್ರಶ್ನೆ ಲೋಹದ್ದು. ತಲೆ ಕತ್ತಿನ ಭಾಗದಲ್ಲಿ, ಕಾಯಿಲ್‌ನಿಂದ 30 ಸೆಂಟಿಮೀಟರ್ ಒಳಗೆ, ಕಾಂತಕ್ಕೆ ಸ್ಪಂದಿಸುವ ಲೋಹ ಇದ್ದರೆ ಟಿಎಂಎಸ್ ಸಲ್ಲದು. ಕೇಳಲು ಕಿವಿಯೊಳಗೆ ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು, ಮಿದುಳಿನೊಳಗಿನ ಎಲೆಕ್ಟ್ರೋಡ್, ಕಣ್ಣಿನಲ್ಲಿ ಹೊಕ್ಕ ಲೋಹದ ಚೂರು ಇವೆಲ್ಲ ಈ ಪಟ್ಟಿಯಲ್ಲಿವೆ. ಅವು ಬಿಸಿಯಾಗಬಹುದು, ಸರಿಯಬಹುದು, ಕೆಡಬಹುದು. ಪೇಸ್‌ಮೇಕರ್ ಇರುವವರು ಹೃದಯವೈದ್ಯರನ್ನು ಕೇಳದೆ ಮುಂದುವರಿಯಬಾರದು. ಹಲ್ಲಿಗೆ ತುಂಬಿಸಿದ ಸಾಮಾನ್ಯ ಫಿಲ್ಲಿಂಗ್‌ನಿಂದ ತೊಂದರೆ ಇಲ್ಲ.

ಎಲ್ಲರೂ ಹೆದರುವುದು ಫಿಟ್ಸ್‌ಗೆ. ನಿಯಮ ಪಾಲಿಸಿದಾಗ ಇದು ಸಾವಿರ ರೋಗಿಗಳಲ್ಲಿ ಒಬ್ಬರಿಗಿಂತಲೂ ಕಡಿಮೆ. ಬಂದರೂ ಸಾಮಾನ್ಯವಾಗಿ ಕಾಯಿಲ್ ನಡೆಯುತ್ತಿರುವಾಗಲೇ ಬರುತ್ತದೆ, ತಾನಾಗಿ ನಿಲ್ಲುತ್ತದೆ, ಮುಂದೆ ಅಪಸ್ಮಾರವಾಗಿ ಬೆಳೆಯುವುದಿಲ್ಲ. ಯಂತ್ರ ನಿಲ್ಲಿಸಿ, ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ ಕಾಯುವುದು ಆಗ ಮಾಡಬೇಕಾದ ಕೆಲಸ. ಅಪಾಯ ಏರುವುದು ಹಿಂದೆ ಫಿಟ್ಸ್ ಬಂದಿದ್ದರೆ, ಹಿಂದಿನ ರಾತ್ರಿ ನಿದ್ದೆ ಇಲ್ಲದಿದ್ದರೆ, ಮದ್ಯ ಅಥವಾ ನಿದ್ದೆಮಾತ್ರೆಯನ್ನು ದಿಢೀರನೆ ಬಿಟ್ಟಿದ್ದರೆ, ಬುಪ್ರೊಪಿಯಾನ್, ಕ್ಲೋಜಪಿನ್‌ನಂಥ ಔಷಧ ಇದ್ದರೆ. ಇವನ್ನು ಮುಚ್ಚಿಡುವುದೇ ದೊಡ್ಡ ಅಪಾಯ. ರಾತ್ರಿ ಕುಡಿದದ್ದನ್ನು, ನಿದ್ದೆಗೆಟ್ಟದ್ದನ್ನು ಆಪರೇಟರಿಗೆ ಹೇಳಿದರೆ ಅವತ್ತಿನ ಸೆಷನ್ ಮುಂದೂಡುತ್ತಾರೆ, ಅಷ್ಟೇ.

ಫಿಟ್ಸ್‌ಗಿಂತ ಎಷ್ಟೋ ಹೆಚ್ಚಾಗಿ ಕಾಣುವುದು ತಲೆನೋವು ಮತ್ತು ಕಾಯಿಲ್ ಇಟ್ಟ ಜಾಗದ ನೋವು. ಸಾಮಾನ್ಯ ನೋವಿನ ಮಾತ್ರೆಗೆ ಇದು ಇಳಿಯುತ್ತದೆ, ಎರಡು ವಾರದಲ್ಲಿ ತಾನೇ ಕಡಿಮೆಯಾಗುತ್ತದೆ. ಮೊದಲ ದಿನದ ಗಾಬರಿಗೆ ಕೆಲವರು ತಲೆ ಸುತ್ತಿ ಬೀಳುವುದುಂಟು, ಅದು ಫಿಟ್ಸ್ ಅಲ್ಲ. ಬೈಪೋಲಾರ್ ಕಾಯಿಲೆ ಇರುವವರಲ್ಲಿ ಮನಸ್ಸು ಉನ್ಮಾದದ ಕಡೆಗೆ ವಾಲಬಹುದು. ನಿದ್ದೆ ಬೇಡವೆನಿಸುವುದು, ಮಾತು ವೇಗವಾಗುವುದು, ಬೇಕಾಬಿಟ್ಟಿ ಖರ್ಚು, ಇವು ಕಂಡರೆ ಮುಂದಿನ ಸೆಷನ್ನಿಗೆ ಕಾಯದೆ ವೈದ್ಯರಿಗೆ ತಿಳಿಸಬೇಕು.

ಇನ್ನು, ಅಪಾಯವಿಲ್ಲದೆ ಚಿಕಿತ್ಸೆ ವ್ಯರ್ಥವಾಗುವ ಬಗೆ. ರೋಗಿ ನಿದ್ದೆಗೆ ಜಾರಿ ತಲೆ ವಾಲುತ್ತದೆ, ಕಾಯಿಲ್ ಒಂದು ಸೆಂಟಿಮೀಟರ್ ಎದ್ದು ನಿಲ್ಲುತ್ತದೆ, ಟಕಟಕ ಸದ್ದು ಹಾಗೇ ಮುಂದುವರಿಯುತ್ತದೆ. ಯಂತ್ರದ ಪರದೆಯಲ್ಲಿ 3,000 ಮಿಡಿತ ದಾಖಲಾಗಿರುತ್ತದೆ, ಮಿದುಳಿಗೆ ಸೇರಿದ್ದು ಅದರ ಒಂದು ಪಾಲು. ನೆತ್ತಿಯ ಮೇಲಿನ ಕುಟ್ಟುವ ಅನುಭವ ಇದ್ದಕ್ಕಿದ್ದಂತೆ ಮೆದುವಾದರೆ ಕಾಯಿಲ್ ಸರಿದಿದೆ ಎಂದೇ ತಿಳಿದು ಕೈ ಎತ್ತಿ ಹೇಳಿ. ಲೊರಾಜೆಪಾಮ್, ಕ್ಲೋನಜೆಪಾಮ್‌ನಂಥ ಬೆಂಜೋಡಯಜೆಪಿನ್ ಔಷಧಗಳು ಮಿದುಳನ್ನು ತಣಿಸುವಂಥವು, ಅವನ್ನು ತೆಗೆದುಕೊಳ್ಳುವವರಲ್ಲಿ ಟಿಎಂಎಸ್ ಫಲ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ. ಹಾಗೆಂದು ತಾವಾಗಿಯೇ ನಿಲ್ಲಿಸಬಾರದು, ಥಟ್ಟನೆ ನಿಲ್ಲಿಸುವುದೇ ಫಿಟ್ಸ್‌ಗೆ ದಾರಿ. ವೈದ್ಯರೊಡನೆ ಮಾತಾಡಿ ಚಿಕಿತ್ಸೆಗೆ ಕೆಲವು ವಾರ ಮುಂಚಿನಿಂದಲೇ ಇಳಿಸುತ್ತಾ ಬರಬೇಕು.

ಶಾಕ್ ಚಿಕಿತ್ಸೆಯ ಜಾಗವನ್ನು ಇದು ತುಂಬುತ್ತದೆಯೇ?

ಇಲ್ಲ. ಇಸಿಟಿ ಎಂದು ಕರೆಯುವ ಶಾಕ್ ಚಿಕಿತ್ಸೆಯಲ್ಲಿ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸಿ, ಉದ್ದೇಶಪೂರ್ವಕವಾಗಿ ಫಿಟ್ಸ್ ಬರಿಸುತ್ತಾರೆ. ಟಿಎಂಎಸ್‌ನಲ್ಲಿ ಫಿಟ್ಸ್ ಬಾರದಂತೆ ನೋಡಿಕೊಳ್ಳುವುದೇ ನಿಯಮ. ಇಸಿಟಿಯಿಂದ ಸ್ವಲ್ಪ ಕಾಲ ಮರೆವು ಉಂಟಾಗಬಹುದು, ಆದರೆ ಅದರ ಬಲ ಹೆಚ್ಚು, ವೇಗವೂ ಹೆಚ್ಚು. ಊಟ ನೀರು ಬಿಟ್ಟವರು, ಮಾತು ಚಲನೆ ನಿಂತುಹೋದ ಕೆಟಟೋನಿಯಾ ಸ್ಥಿತಿಯವರು, ಇಲ್ಲದ ದನಿ ಕೇಳುವ ಅಥವಾ ಭ್ರಮೆಗಳಿರುವ ತೀವ್ರ ಖಿನ್ನತೆಯವರು, ಜೀವಕ್ಕೆ ಕೂಡಲೇ ಅಪಾಯ ಇರುವವರು, ಇವರಿಗೆ ವಾರಗಟ್ಟಲೆ ಕಾಯಿಸುವ ಟಿಎಂಎಸ್ ಸರಿಯಾದ ಆಯ್ಕೆಯಲ್ಲ. ಸಾಯುವ ಯೋಚನೆ ಬಲವಾಗಿ ಬರುತ್ತಿದ್ದರೆ ಟಿಎಂಎಸ್ ಸರದಿಗೆ ಕಾಯದೆ ಅಂದೇ ತುರ್ತು ಚಿಕಿತ್ಸೆಗೆ ಹೋಗಬೇಕು. ಮನೆಯವರು ಅವರನ್ನು ಒಂಟಿಯಾಗಿ ಬಿಡಬಾರದು.

ಮುಗಿದ ಮೇಲೆ

ಟಿಎಂಎಸ್ ಖಿನ್ನತೆಯನ್ನು ಬುಡಸಮೇತ ಕೀಳುವುದಿಲ್ಲ. ಸ್ಪಂದಿಸಿದವರಲ್ಲಿ ಒಂದು ವರ್ಷದ ನಂತರವೂ ಚೇತರಿಕೆ ಉಳಿಸಿಕೊಂಡವರು ಶೇ 62ರಷ್ಟು ಎಂದು ಒಂದು ದೀರ್ಘ ಅಧ್ಯಯನ ಹೇಳುತ್ತದೆ, ಅವರಲ್ಲೂ ಕೆಲವರಿಗೆ ನಡುವೆ ಮತ್ತೆ ಸೆಷನ್ ಬೇಕಾಗಿತ್ತು. ಆದ್ದರಿಂದ ಕೊನೆಯ ಸೆಷನ್ ಮುಗಿದ ದಿನವೇ ಮಾತ್ರೆ ಬಿಡುವುದು ಸರಿಯಲ್ಲ. ಔಷಧ, ಆಪ್ತಸಮಾಲೋಚನೆ, ನಿದ್ದೆಯ ಶಿಸ್ತು ಮುಂದುವರಿಯಬೇಕು. ಕೆಲವರಿಗೆ ತಿಂಗಳಿಗೆ ಒಂದೆರಡು ಸೆಷನ್ ಇಟ್ಟುಕೊಳ್ಳುವ ಯೋಜನೆ ಮಾಡುತ್ತಾರೆ, ಕೆಲವರನ್ನು ಬರೀ ಗಮನಿಸುತ್ತಾರೆ. ಮೊದಲ ಸಲ ಫಲ ಕಂಡವರಿಗೆ ಎರಡನೇ ಸಲವೂ ಫಲ ಕಾಣುವ ಸಾಧ್ಯತೆ ಚೆನ್ನಾಗಿದೆ.

ಅದಕ್ಕಾಗಿ ಚಿಕಿತ್ಸೆ ಮುಗಿಸಿ ಹೊರಡುವ ಮುನ್ನ ಒಂದು ಪುಟದ ದಾಖಲೆ ಕೇಳಿ ಪಡೆಯಿರಿ. ಮೋಟಾರ್ ಥ್ರೆಶೋಲ್ಡ್ ಎಷ್ಟಿತ್ತು, ಚಿಕಿತ್ಸೆಯ ಬಲ ಅದರ ಶೇಕಡಾ ಎಷ್ಟು, ಎಡವೋ ಬಲವೋ, ಜಾಗ ಗುರುತಿಸಿದ ವಿಧಾನ ಯಾವುದು, ತಲೆಯ ಅಳತೆಗಳು, ಯಾವ ಕಾಯಿಲ್, ಯಾವ ಪದ್ಧತಿ, ಒಟ್ಟು ಸೆಷನ್ ಎಷ್ಟು, ವಾರವಾರದ ಅಂಕ, ಆಗ ನಡೆಯುತ್ತಿದ್ದ ಔಷಧಗಳು. ಖಿನ್ನತೆ ಮರುಕಳಿಸಿದಾಗ ಬೇರೆ ಊರಿನ ಬೇರೆ ವೈದ್ಯರ ಮುಂದೆ ಕುಳಿತಿದ್ದರೂ, ಹಿಂದೆ ಕೆಲಸ ಮಾಡಿದ ಅದೇ ಜಾಗದಿಂದ, ಅದೇ ಪದ್ಧತಿಯಿಂದ ಶುರುಮಾಡಲು ಆ ಪುಟ ಸಾಕು. ಬಲವನ್ನು ಮಾತ್ರ ಹಳೆಯ ಅಂಕಿಯಿಂದ ಇಡದೆ, ಹೆಬ್ಬೆರಳು ನೋಡಿ ಹೊಸದಾಗಿ ಅಳೆಯಬೇಕು.